ರೇವವ್ವನ ಹನ್ನೊಂದು ಪ್ರವೇಶ

ಶಲವಡಿಯ ರೇವವ್ವ ತನ್ನ ಮನೆಯ ಪಡಸಾಲೆಯಲ್ಲಿ ಕುಳಿತು ಒಂದು ಸಾಲು ಟೈಪ್ ಮಾಡಿದರೆ ಸಾಕು, ಅದು ಅಣ್ಣಿಗೇರಿ ಬಸ್ ಸ್ಟ್ಯಾಂಡಿನ ಎದುರಿಗಿರುವ ನನ್ನ ಝೆರಾಕ್ಸ್ ಅಂಗಡಿಯ ಕಂಪ್ಯೂಟರಿಗೆ ತಾನಾಗಿಯೇ ಬಂದು ಕೂಡುತ್ತಿತ್ತು. ಪೆನ್ ಡ್ರೈವ್ ಇಲ್ಲ, ವಾಟ್ಸಾಪ್ ಇಲ್ಲ. ಅವರ ಮನೆಯ ಕಂಪ್ಯೂಟರಿಗೂ ನನ್ನದಕ್ಕೂ ರೇವವ್ವನ ಒಂದೇ ಖಾತೆ ಹಾಕಿಕೊಟ್ಟಿದ್ದೆ, ಅಷ್ಟೇ. ಹೊಸ ಕಂಪ್ಯೂಟರುಗಳಲ್ಲಿ ಈ ಸವಲತ್ತು ಒಳಗೇ ಇರುತ್ತದೆ. ಒಂದು ಫೋಲ್ಡರ್ ತೋರಿಸಿಬಿಟ್ಟರೆ ಅದರಲ್ಲಿದ್ದದ್ದು ಮೇಲೆ ಹೋಗಿ ಎಲ್ಲಿಯೋ ಕೂಡುತ್ತದೆ. ಆ ‘ಎಲ್ಲಿಯೋ’ಕ್ಕೆ ಕ್ಲೌಡ್ ಅನ್ನುತ್ತಾರೆ, ಮೋಡ. ಅಲ್ಲಿಂದ ಇನ್ನೊಂದು ಕಂಪ್ಯೂಟರಿಗೆ ಇಳಿಯುತ್ತದೆ. ಇಷ್ಟನ್ನು ನಾನು ಯಾವ ಕ್ಲಾಸಿಗೂ ಹೋಗದೆ, ಒತ್ತಿ ಒತ್ತಿ ನೋಡಿ ಕಲಿತವಳು.

ಮೊದಲ ದಿನ ರೇವವ್ವ ಫೋನ್ ಹಚ್ಚಿಕೊಂಡೇ ಟೈಪ್ ಮಾಡಿದ್ದಳು.

“ನಂದಾ, ಈಗ ಏನ ಕಾಣಾಕತ್ತೈತಿ ಹೇಳ ಬೇ.”

“‘ಗೌಡನು ಮೀಸೆ ತಿರುವುತ್ತಾನೆ’ ಅಂತ ಐತ್ರಿ ಅವ್ವಾರ.”

“ಅಯ್ಯ ಶಿವನ! ತಡಿ, ಈಗ ನೋಡು.”

ಹತ್ತು ಎಣಿಸುವುದರೊಳಗೆ ‘ಗೌಡನು ಮೀಸೆ ಹುಡುಕುತ್ತಾನೆ’ ಎಂದು ಬಂತು. ಇಬ್ಬರೂ ಇಬ್ಬರ ಊರಲ್ಲಿ ಕುಳಿತು ಹೊಟ್ಟೆ ಹಿಡಿದು ನಕ್ಕೆವು.

ರೇವವ್ವನಿಗೆ ಐವತ್ತೆಂಟು ವರ್ಷ, ಏಳನೇ ಇಯತ್ತೆಯವರೆಗಿನ ಓದು. ಒಂದೇ ಬೆರಳಿನಿಂದ ಟೈಪ್ ಮಾಡುವುದನ್ನು ನನ್ನ ಹತ್ತಿರ ಕಲಿತು, ಎಂಟು ತಿಂಗಳಿನಿಂದ ನಾಟಕ ಬರೆಯುತ್ತಿದ್ದಳು. ಅವರ ಸ್ತ್ರೀಶಕ್ತಿ ಸಂಘಕ್ಕೆ ಇಪ್ಪತ್ತು ವರ್ಷ ತುಂಬುವ ದಿನ ಹನ್ನೆರಡು ಹೆಣ್ಣುಮಕ್ಕಳು ಆಡಬೇಕು, ಗಂಡಸರ ಪಾರ್ಟೂ ಅವರದೇ. ಊರ ಕಟ್ಟೆಯ ಮೇಲೆ ದಿನವಿಡೀ ಕೂಡುವ ಗಂಡಸರು ಒಂದು ಮುಂಜಾನೆ ಬಂದು ನೋಡಿದರೆ, ಕಟ್ಟೆಯ ತುಂಬ ಹೆಂಗಸರು ಕುಳಿತಿದ್ದಾರೆ, ಏಳಲೊಲ್ಲರು. ಅದೇ ಕಥೆ. ಹನ್ನೊಂದು ಪ್ರವೇಶ, ಹನ್ನೊಂದು ಫೈಲು.

ಒಂದೊಂದು ಪ್ರವೇಶ ಇಳಿದಂತೆ ನಾನು ಅಂಗಡಿಯಲ್ಲಿ ಗಟ್ಟಿಯಾಗಿ ಓದುತ್ತಿದ್ದೆ. ಆಧಾರ್ ಕಾರ್ಡ್ ಝೆರಾಕ್ಸಿಗೆ ಬಂದವರು ಝೆರಾಕ್ಸ್ ಮರೆತು ನಿಲ್ಲುತ್ತಿದ್ದರು. ಬಾಜೂ ಅಂಗಡಿಯ ಟೇಲರ್ ಇಮಾಮುದ್ದೀನ ಕಾಕಾ ಮಷಿನ್ ನಿಲ್ಲಿಸಿ, ಕೊರಳಲ್ಲಿ ಟೇಪು ಹಾಕಿಕೊಂಡೇ ಬಂದು, “ಮುಂದಿಂದು ಬಂತೇನ್ರಿ ಅಕ್ಕಾರ? ನಿನ್ನೆಯಿಂದ ಆ ಗೌಡ ಕಟ್ಟಿ ಕೆಳಗ ನಿಂತಾನ, ಕಾಲ ನೋಯ್ತಿರಬೇಕು” ಎನ್ನುತ್ತಿದ್ದರು.

ನಾಟಕಕ್ಕೆ ಇನ್ನು ಇಪ್ಪತ್ತೆರಡು ದಿನ ಉಳಿದಿತ್ತು. ಸೋಮವಾರ ಸಂಜೆ ನಾಲ್ಕಕ್ಕೆ ರೇವವ್ವ ಬಂದು ಹನ್ನೆರಡು ಜನರ ಪಾರ್ಟು ಪ್ರಿಂಟ್ ತೆಗೆದುಕೊಂಡು ಹೋಗುವುದಿತ್ತು. ಅಲ್ಲಿಯವರೆಗೆ ಆ ನಾಟಕದ ಒಂದು ಹಾಳೆಯೂ ಕಾಗದದ ಮೇಲೆ ಇರಲಿಲ್ಲ.

ಆ ಸೋಮವಾರ ಮುಂಜಾನೆ ಕಂಪ್ಯೂಟರ್ ಹಚ್ಚಿದೆ. ಹತ್ತು ಪ್ರವೇಶ ಇವೆ, ಹನ್ನೊಂದನೆಯದು ಇಲ್ಲ. ಮೂಲೆಯಲ್ಲಿ ಕೆಂಪು ಗುರುತು: ಮೋಡದಲ್ಲಿ ಜಾಗ ತುಂಬಿದೆ, ಹೊಸದೇನೂ ಮೇಲೇರುವುದಿಲ್ಲ. ನೋಡಿದರೆ ರೇವವ್ವನ ಫೋನಿನ ಫೋಟೊಗಳೆಲ್ಲ ತಾವೇ ಮೇಲೇರಿ ಕುಳಿತಿದ್ದವು. ಮೊಮ್ಮಗಳು ನಿಂತದ್ದು, ಮೊಮ್ಮಗಳು ಕುಂತದ್ದು, ಎಮ್ಮೆ, ರೊಟ್ಟಿ, ಸೀರೆಯ ಅಂಚು, ಮತ್ತೆ ರೊಟ್ಟಿ. ಮಂದಿಯ ಮನೆಯ ಫೋಟೊ ಅಳಿಸಲು ನನಗೆ ಮನಸ್ಸಾಗಲಿಲ್ಲ.

ಆಗ ನಾನು ಮಾಡಿದ್ದನ್ನು ನಮ್ಮ ಕಡೆಯವರು ಮಾತ್ರ ಮಾಡಿಯಾರು. ನಮ್ಮಲ್ಲಿ ನಳಕ್ಕೆ ನೀರು ಬರುವುದು ಎಂಟು ದಿನಕ್ಕೊಮ್ಮೆ. ಬರುವ ದಿನ ಏನು ಮಾಡುತ್ತೇವೆ? ಕೊಡ, ಹಂಡೆಯಲ್ಲಿ ಉಳಿದ ಹಳೇ ನೀರು ಚೆಲ್ಲಿ, ಚಲೋತ್ನಂಗೆ ತಿಕ್ಕಿ ತೊಳೆದು, ಖಾಲಿ ಬೋರಲು ಹಾಕಿ ಕಾಯುತ್ತೇವೆ. ನಳ ಬಂತೆಂದರೆ ಹೊಸ ನೀರು. ನನ್ನ ತಲೆಯಲ್ಲಿ ರೇವವ್ವನ ಮನೆ ನಳ, ನನ್ನ ಅಂಗಡಿ ಕೊಡ. ಹಳೆಯ ಹತ್ತು ಪ್ರವೇಶ ಇಲ್ಲಿಂದ ತೆಗೆದರೆ ಹನ್ನೊಂದೂ ಹೊಸದಾಗಿ ಬಂದು ತುಂಬುತ್ತವೆ ಎಂದು ಫೋಲ್ಡರಿನಲ್ಲಿದ್ದದ್ದನ್ನೆಲ್ಲ ಅಳಿಸಿದೆ. ತೊಳೆಯುವುದು ಬೇಡವೇ? ನನ್ನ ಕಂಪ್ಯೂಟರಿನ ಕಸದ ಬುಟ್ಟಿ, ಮೋಡದ ಕಸದ ಬುಟ್ಟಿ, ಎರಡನ್ನೂ ತೆಗೆದು ಖಾಲಿ ಮಾಡಿದೆ. ಹತ್ತೂ ಪ್ರವೇಶ ಸೇರಿದರೂ ಒಂದು ರೊಟ್ಟಿಯ ಫೋಟೊದಷ್ಟು ಜಾಗ ತಿನ್ನುವುದಿಲ್ಲ ಎಂಬುದು ನನಗೆ ತಿಳಿದದ್ದು ಆಮೇಲೆ.

ನಾಲ್ಕಕ್ಕೆ ರೇವವ್ವ ಬಂದಳು. ಕೈಯಲ್ಲಿ ದೊಡ್ಡ ಚೀಲ, ಪಾರ್ಟು ಹಾಕಿಡಲು ಹನ್ನೆರಡು ಬಣ್ಣದ ರಟ್ಟಿನ ಫೈಲು.

“ಬರ್ರಿ ಅವ್ವಾರ, ಕೂಡ್ರಿ. ಇನ್ನೂ ಇಳದಿಲ್ಲ, ಬರ್ತಾವು” ಎಂದೆ. ಚಹಾ ತರಿಸಿದೆ. ಬರಲಿಲ್ಲ. ಇನ್ನೊಂದು ಚಹಾ ಆಯಿತು. ಬರಲಿಲ್ಲ. ಮೋಡದ ಪುಟವನ್ನೇ ತೆರೆದು ನೋಡಿದೆ, ಅಲ್ಲಿಯೂ ಫೋಲ್ಡರ್ ಖಾಲಿ. ಸಹಾಯದ ಪುಟ ತೆಗೆದು ಒಂದೊಂದೇ ಸಾಲಿನ ಮೇಲೆ ಬೆರಳಿಟ್ಟು ಓದಿದೆ. ಒಂದು ಕಡೆ ಅಳಿಸಿದ್ದು ಎಲ್ಲ ಕಡೆಯಿಂದಲೂ ಅಳಿಯುತ್ತದೆ. ಬುಟ್ಟಿ ಖಾಲಿ ಮಾಡಿದ ಮೇಲೆ ಮರಳಿ ಬರುವುದಿಲ್ಲ.

ನಳ ಎಲ್ಲಿಯದು, ಕೊಡ ಎಲ್ಲಿಯದು! ಎರಡು ದಂಡೆಯ ಒಂದೇ ಬಾವಿ ಅದು. ನಾನು ಈ ದಂಡೆಯಲ್ಲಿ ನಿಂತು ಬಾವಿಯನ್ನೇ ಬರಿದು ಮಾಡಿದ್ದೆ.

ರೇವವ್ವ ನನ್ನ ಮುಖ ನೋಡಿದಳು. “ಏನ ಮಾಡೀದಿ ಬೇ?”

ಹೇಳಿದೆ. ಎಲ್ಲವನ್ನೂ ಹೇಳಿದೆ. ಆಕೆ ಫೈಲುಗಳನ್ನು ಮಡಿಲಲ್ಲಿ ಇಟ್ಟುಕೊಂಡು ಕುಳಿತೇ ಇದ್ದಳು. “ಎಂಟ ತಿಂಗಳು ನಂದಾ. ಒಂದ ಬೆರಳಿಲೆ.” ಆ ಬೆರಳನ್ನೇ ಎತ್ತಿ ತೋರಿಸಿದಳು.

ಬಾಗಿಲಲ್ಲಿ ನಿಂತಿದ್ದ ಇಮಾಮುದ್ದೀನ ಕಾಕಾ ಕೇಳಿದರು, “ಅವ್ವಾರ ಮನ್ಯಾಗಿಂದೂ ಹೋಗೇ ಬಿಟ್ಟೈತೇನು?”

“ಕಂಪ್ಯೂಟರ್ ಚಾಲೂ ಇದ್ರ ಹೋಗಿರ್ತೈತ್ರಿ” ಎಂದೆ.

“ಚಾಲೂ?” ರೇವವ್ವ ತಲೆಯೆತ್ತಿದಳು. “ಸೋಮವಾರ ನಮ್ಮನ್ಯಾಗ ಯಾವುದು ಚಾಲೂ ಇರ್ತೈತಿ?”

ಅದನ್ನು ನಾನು ಮರೆತೇ ಬಿಟ್ಟಿದ್ದೆ.

ನಮ್ಮ ಭಾಗದಲ್ಲಿ ಸೋಮವಾರ ಎತ್ತು ಹೂಡುವುದಿಲ್ಲ. ಅದು ಬಸವಣ್ಣನ ವಾರ, ಎತ್ತಿಗೆ ಸೂಟಿ. ರೇವವ್ವನ ಯಜಮಾನ ಈರಬಸಪ್ಪ ಆರು ವರ್ಷದ ಹಿಂದೆ ಎತ್ತು ಮಾರಿದರು, ಆದರೆ ವಾರ ಬಿಡಲಿಲ್ಲ. ಸೋಮವಾರ ಟ್ರ್ಯಾಕ್ಟರ್ ಹೊರಗೆ ಬಾರದು. ಆಮೇಲೆ ಮಿಕ್ಸರಿಗೂ ಸೂಟಿ ಆಯಿತು. ಕಂಪ್ಯೂಟರ್ ಬಂದ ಮೇಲೆ, “ವಾರಗಟ್ಟಲೆ ದುಡಿಯೂದಕ್ಕ ಒಂದ ದಿನ ಉಸರ ಬ್ಯಾಡೇನು?” ಎಂದು ರವಿವಾರ ಮಲಗುವ ಮುಂದೆ ಅದರ ಪ್ಲಗ್ಗನ್ನೂ ಕಿತ್ತಿಡುತ್ತಿದ್ದರು.

“ಹಂಗಾರ ಅದಕ್ಕ ಇನ್ನೂ ಸುದ್ದಿನ ಮುಟ್ಟಿಲ್ಲ!” ನಾನು ಕುರ್ಚಿಯಿಂದ ಎದ್ದೇ ಬಿಟ್ಟೆ. “ಅವ್ವಾರ, ನಿಮ್ಮ ನಾಟಕ ಮನ್ಯಾಗ ಕುಂತೈತಿ! ನೆಟ್ ಹತ್ತಲಾರದಂಗ ನೋಡಿಕೊಂಡ್ರ ಉಳೀತೈತಿ. ಪ್ಲಗ್ ಯಾವಾಗ ಹಾಕ್ತಾರ ಈರಬಸಪ್ಪ ಕಾಕಾರು?”

“ದೀಪ ಹಚ್ಚೂ ಹೊತ್ತಿಗೆ. ಅಲ್ಲಿಗೆ ಸೂಟಿ ಮುಗೀತು.”

ಗಡಿಯಾರ ಐದೂಕಾಲು. ಚಳಿಗಾಲ, ಆರಕ್ಕೆಲ್ಲ ದೀಪ. ಪ್ಲಗ್ ಹಾಕಿದ ಕೂಡಲೇ ಕಂಪ್ಯೂಟರ್ ತಾನೇ ಚಾಲೂ ಆಗಿ ನೆಟ್ ಹಿಡಿಯುವಂತೆ ಸೆಟ್ ಮಾಡಿಕೊಟ್ಟವಳು ಬೇರೆ ನಾನೇ.

ಈರಬಸಪ್ಪನವರಿಗೆ ಫೋನ್ ಹಚ್ಚಿದೆವು. ಬಂದ್. “ಅದಕ್ಕೂ ಸೋಮವಾರ” ಎಂದಳು ರೇವವ್ವ. ಪಕ್ಕದ ಮನೆಯ ಮೈಲಾರವ್ವನಿಗೆ ಹಚ್ಚಿದೆವು. ನಾಟಕದಲ್ಲಿ ಗೌಡನ ಪಾರ್ಟು ಆಕೆಯದೇ.

“ಮೈಲಾರವ್ವಾ, ಲಗೂನ ನಮ್ಮನಿಗೆ ಓಡ! ನಮ್ಮನಿಯವ್ರು ಪ್ಲಗ್ ಹಾಕಾಕ ಬಂದ್ರ ಬಿಡಬ್ಯಾಡ. ಕಂಪ್ಯೂಟರಿಂದು. ಕೇಳಿಸ್ತೇನು?”

“ಯಾವ ಹಗ್ಗಾ?” ಎಂದಿತು ಫೋನು. ಆಮೇಲೆ ಕಟ್ ಆಯಿತು, ಮತ್ತೆ ಹತ್ತಲೇ ಇಲ್ಲ.

ಅಂಗಡಿಯನ್ನು ಇಮಾಮುದ್ದೀನ ಕಾಕಾನ ಮೇಲೆ ಬಿಟ್ಟು ಸ್ಕೂಟಿ ತೆಗೆದೆ. ರೇವವ್ವ ಚೀಲ ಸಮೇತ ಹಿಂದೆ ಕುಳಿತು ನನ್ನ ನಡ ಗಟ್ಟಿ ಹಿಡಿದಳು. ಎರಡೂ ಕಡೆ ಕಡಲೆ ಹೊಲ, ಎದುರಿಗೆ ಇಳಿಯುತ್ತಿರುವ ಸೂರ್ಯ.

“ಅವನ್ನ ಸ್ವಲ್ಪ ತಡಿ ಅನ್ನ” ಎಂದಳು ಸೂರ್ಯನನ್ನು ತೋರಿಸಿ.

“ನಿಮ್ಮ ಮಾತು ಕೇಳ್ತಾನ, ನೀವ ಹೇಳ್ರಿ.”

“ನನ್ನ ಒಂದ ಮಾತ ಕೇಳಿದ್ರ ನೀನು ಬುಟ್ಟಿ ತೊಳೀತಿದ್ದಿಲ್ಲ. ಜೋರ ಹೊಡಿ!”

ಅರ್ಧ ದಾರಿಗೆ ಒಂದು ಹತ್ತಿಯ ಟ್ರ್ಯಾಕ್ಟರ್ ಅಡ್ಡ ಸಿಕ್ಕಿತು. ಎರಡೂ ಬದಿಗೆ ಹತ್ತಿ ಉಬ್ಬಿಕೊಂಡು ರಸ್ತೆಯನ್ನೆಲ್ಲ ತಾನೇ ಹಿಡಿದಿತ್ತು. ಹಾರ್ನ್ ಹೊಡೆದೆ, ಒಳಗೆ ಹಾಡು ಹಚ್ಚಿಕೊಂಡಿದ್ದವನಿಗೆ ಕೇಳಲಿಲ್ಲ. ರೇವವ್ವ ಹಿಂದಿನಿಂದ ಎದ್ದು ನಿಂತಳು. ಚಾಲೂ ಸ್ಕೂಟಿಯ ಮೇಲೆ! ಏಳನೆಯ ಪ್ರವೇಶದಲ್ಲಿ ಗೌಡನಿಗೆ ಬರೆದ ದನಿಯಲ್ಲಿ ಕೂಗಿದಳು: “ಲೇ ಯಾರಲೇ ಅಂವಾ, ಊರ ದಾರಿ ನಿಮ್ಮಪ್ಪನ ಹಿತ್ತಲ ಅಂತ ತಿಳದೀಯೇನಲೇ!” ಟ್ರ್ಯಾಕ್ಟರ್ ಥಟ್ಟನೆ ಬದಿಗೆ ಸರಿಯಿತು. ಹುಡುಗ ಇಣುಕಿ ನೋಡಿ, ಹೆಂಗಸನ್ನು ಕಂಡು ಬಾಯಿ ತೆರೆದ.

“ಅವ್ವಾರ, ಗೌಡನ ಪಾರ್ಟು ನಿಮಗ ಬರಬೇಕಿತ್ರಿ!”

“ಮಾತಾಡಬ್ಯಾಡ, ಹೊಡಿ!”

ಊರು ಮುಟ್ಟಿದಾಗ ಒಂದೆರಡು ಮನೆಗಳಲ್ಲಿ ದೀಪ ಬೆಳಗಿತ್ತು. ರೇವವ್ವನ ಮನೆಯ ಮುಂದೆ ಸ್ಕೂಟಿ ನಿಲ್ಲಿಸುವ ಮೊದಲೇ ಒಳಗಿನ ಗದ್ದಲ ಕೇಳಿಸಿತು. ಓಡಿದೆವು.

ಪಡಸಾಲೆಯಲ್ಲಿ ಮೈಲಾರವ್ವ ಸ್ವಿಚ್ ಬೋರ್ಡಿಗೆ ಬೆನ್ನು ಹಚ್ಚಿ, ಎರಡೂ ಕೈ ಚಾಚಿ ನಿಂತಿದ್ದಳು. ಕಣ್ಣಿಗೆ ಹಚ್ಚುವ ಕಾಡಿಗೆಯಿಂದ ತುಟಿಯ ಮೇಲೆ ಈಟು ದಪ್ಪ ಮೀಸೆ ಬರೆದುಕೊಂಡಿದ್ದಳು. ಪಾರ್ಟಿನ ತಯಾರಿಯಲ್ಲಿದ್ದಾಗ ಫೋನ್ ಹೋಗಿತ್ತಂತೆ. ಎದುರಿಗೆ ಈರಬಸಪ್ಪ, ಹಣೆಯ ತುಂಬ ವಿಭೂತಿ, ಕೈಯಲ್ಲಿ ಪ್ಲಗ್ಗಿನ ವೈರು.

“ನೋಡ ಬೇ ರೇವವ್ವಾ! ನನ್ನ ಮನಿ ಪ್ಲಗ್ ನಾ ಹಾಕೂದಕ್ಕ ಇಕಿ ಯಾರು ಬ್ಯಾಡನ್ನಾಕಿ?”

“ಊರಗೌಡ ಅದೀನ್ರಿ ಅಣ್ಣಾರ” ಎಂದಳು ಮೈಲಾರವ್ವ, ಕದಲದೆ. “ಹಗ್ಗ ಅಂದ್ರ ಈ ವೈರ ಅಂತ ಈಗ ತಿಳೀತು. ಯಾಕ ಬ್ಯಾಡ ಅಂತ ನನಗೂ ಗೊತ್ತಿಲ್ಲ. ಆದ್ರ ಬ್ಯಾಡಂದ್ರ ಬ್ಯಾಡ.”

ರೇವವ್ವ ಅಲ್ಲೇ ಕುಸಿದು ಕುಳಿತು ನಗತೊಡಗಿದಳು. ನನಗೆ ನಗಲು ಪುರಸೊತ್ತಿರಲಿಲ್ಲ. ಮೊದಲು ನೆಟ್ಟಿನ ಡಬ್ಬಿಯ ವೈರು ಕಿತ್ತೆ. ಎಲ್ಲರ ಫೋನಿನ ನೆಟ್ ಬಂದ್ ಮಾಡಿಸಿದೆ. ಆಮೇಲೆ, “ಈಗ ಹಾಕ್ರಿ ಕಾಕಾರ” ಎಂದೆ.

ಕಂಪ್ಯೂಟರ್ ಎದ್ದಿತು. ಫೋಲ್ಡರ್ ತೆಗೆದೆ. ಒಂದರ ಕೆಳಗೊಂದು ಹನ್ನೊಂದು ಹೆಸರು!

“ಅದಾವ!” ಎಂದು ಮೈಲಾರವ್ವ ಚಪ್ಪಾಳೆ ಹೊಡೆದಳು.

“ತಡೀರಿ. ಹೆಸರಿದ್ರ ಆಗಲಿಲ್ಲ. ಪ್ರತಿಯೊಂದರ ಬಾಜೂ ಗುರುತು ಐತಿ ನೋಡ್ರಿ. ಹಸಿರು ರೈಟ್ ಗುರುತಿದ್ರ ಫೈಲು ಈ ಮಷಿನ್ಯಾಗ ಐತಿ. ಮೋಡದ ಗುರುತಿದ್ರ ಬರೇ ಹೆಸರು, ಒಳಗಿಂದು ಮ್ಯಾಲ ಇತ್ತು. ಮ್ಯಾಲಿಂದು ನಾ ಅಳಿಸೀನಿ.”

ನಾಲ್ಕೂ ತಲೆ ಒಂದೇ ಪರದೆಗೆ ಬಾಗಿದವು. ರೇವವ್ವ ಕೆಳಗಿನಿಂದ ಮೇಲಕ್ಕೆ ಓದಿದಳು. ಹನ್ನೊಂದನೆಯದಕ್ಕೆ ಎರಡು ಬಾಣದ ಗುರುತು: ಮೇಲೆ ಹೋಗಲು ಜಾಗ ಸಿಗದೆ ಬಾಗಿಲಲ್ಲೇ ಕಾಯುತ್ತ ನಿಂತದ್ದು, ಹಾಗಾಗಿಯೇ ಉಳಿದದ್ದು. ಹತ್ತು, ಹಸಿರು. ಒಂಬತ್ತು, ಹಸಿರು. ಎಂಟು. ಏಳು. ಪ್ರತಿಯೊಂದಕ್ಕೂ ಮೈಲಾರವ್ವನ ಒಂದು ಹೂಂಕಾರ. ನಾಲ್ಕು, ಮೂರು, ಹಸಿರು.

ಎರಡು, ಮೋಡ. ಒಂದು, ಮೋಡ.

ಒತ್ತಿ ನೋಡಿದೆ. ತೆರೆಯಲಿಲ್ಲ. ಎರಡು ತಿಂಗಳಿನಿಂದ ಅವನ್ನು ಯಾರೂ ತೆಗೆದು ನೋಡಿರಲಿಲ್ಲ, ಹೀಗಾಗಿ ಕಂಪ್ಯೂಟರ್ ಜಾಗ ಉಳಿಸಲು ಒಳಗಿನದನ್ನು ಇಲ್ಲಿಂದ ಬಿಟ್ಟುಕೊಟ್ಟಿತ್ತು.

ನಾನು ಉಳಿದ ಒಂಬತ್ತನ್ನು ಒಂದು ಪೆನ್ ಡ್ರೈವಿಗೆ ಹಾಕಿದೆ, ಇನ್ನೊಂದಕ್ಕೂ ಹಾಕಿದೆ, ಎರಡರಲ್ಲೂ ತೆರೆದು ನೋಡಿದೆ. “ಈಗ ನೆಟ್ ಹಚ್ಚೂಣೇನ್ರಿ?” ಎಂದೆ.

“ಹಚ್ಚು. ಏನಾಕ್ಕೈತಿ ನೋಡೇ ಬಿಡೂಣು.”

ವೈರು ಚುಚ್ಚಿದೆ. ಐದು ಸೆಕೆಂಡ್ ಏನೂ ಇಲ್ಲ. ಆಮೇಲೆ ಪರದೆಯಿಂದ ಹೆಸರುಗಳು ಒಂದೊಂದಾಗಿ ಮಾಯವಾಗತೊಡಗಿದವು. ನೋಡನೋಡುತ್ತ ಹತ್ತು ಹೋಗಿ, ಹನ್ನೊಂದನೆಯದೊಂದೇ ಒಂಟಿಯಾಗಿ ಉಳಿಯಿತು. ಮೈಲಾರವ್ವ ನನ್ನ ರಟ್ಟೆ ಹಿಡಿದಿದ್ದ ಜಾಗ ಮರುದಿನವೂ ನೋಯುತ್ತಿತ್ತು.

“ಸೋಮವಾರ ಮುಂಜಾನಿ ಮಷಿನ್ ದುಡಿಸಿದ್ರ ಹಿಂಗ ಆಗೂದು” ಎಂದರು ಈರಬಸಪ್ಪ.

ನಾನು ರೇವವ್ವನ ಕಡೆ ತಿರುಗಿದೆ. ಎರಡು ಪ್ರವೇಶ ಕಡಿಮೆ ಮಾತೇನಲ್ಲ. “ತಪ್ಪಾತ್ರಿ ಅವ್ವಾರ” ಎಂದೆ. ಆಕೆ ಬೆರಳು ಮಡಿಚಿ ಏನೋ ಎಣಿಸುತ್ತಿದ್ದಳು.

“ರೇವವ್ವಕ್ಕಾ, ಹೋದದ್ರಾಗ ನನ್ನ ಮಾತ ಎಷ್ಟಿದ್ದು?” ಮೈಲಾರವ್ವ ಕೇಳಿದಳು.

“ನಾಕು.”

“ಹೋಗ್ಲಿ ಬಿಡು ಹಂಗಾರ.”

“ಹೂಂ, ಹೋಗ್ಲಿ.” ರೇವವ್ವ ನಿಜಕ್ಕೂ ಅಂದಳು. “ಅವೆರಡೂ ಬರಿಯೂ ಮುಂದ ನನಗ ಅಂಜಿಕಿ ಇತ್ತು ನಂದಾ. ನಾಟಕ ಅಂದ್ರ ಹಿಂಗ ಇರಬೇಕು ಅಂತ ಎಲ್ಲಾರ ಬಾಯಾಗೂ ಪುಸ್ತಕದ ಮಾತು ಇಟ್ಟಿದ್ದೆ. ‘ದಯವಿಟ್ಟು ಆಸೀನರಾಗಿರಿ’ ಅಂತಿದ್ಲು ನೋಡು ಒಬ್ಬಾಕಿ, ಕಟ್ಟಿ ಮ್ಯಾಲ ಕುಂತು! ಮೂರನೇದ್ರಿಂದ ನನ್ನ ಕೈ ಸಡ್ಲಾತು. ತಿದ್ದಬೇಕು ತಿದ್ದಬೇಕು ಅಂತಿದ್ದೆ, ಮನಸ ಆಗವಲ್ದಾಗಿತ್ತು.” ಕುರ್ಚಿ ಎಳೆದು ನನ್ನತ್ತ ನೂಕಿದಳು. “ನಿನಗ ಹತ್ತ ಬೆರಳದಾವು. ಕೂಡ. ನಾ ಹೇಳ್ತೀನಿ, ನೀ ಬರಿ. ಇವತ್ತ ಒಂದನೇದು ಮುಗೀಲಿ.”

ಕುಳಿತೆ. ಮೊದಲು ಪೆನ್ ಡ್ರೈವಿನಲ್ಲೇ ಹೊಸ ಫೈಲು ತೆರೆದೆ. ರೇವವ್ವ ಪಡಸಾಲೆಯ ಆ ಗೋಡೆಯಿಂದ ಈ ಗೋಡೆಗೆ ನಡೆಯತೊಡಗಿದಳು.

“ಮುಂಜಾನಿ. ಪರದೆ ಸರೀತೈತಿ. ಕಟ್ಟಿ ತುಂಬ ಹೆಂಗಸ್ರು. ಗಂಡಸ್ರು ಬರ್ತಾರ, ನಿಲ್ತಾರ. ಮೊದಲಿನಂವಾ ಬಾಯಿ ತಗದು...” ನಿಂತಳು. “ಏನಂತಾನ?”

“‘ಏಳ್ರಿ ಮ್ಯಾಲ’ ಅಂತಾನ” ಎಂದಳು ಮೈಲಾರವ್ವ, ಮೀಸೆಯ ಮೇಲೆ ಕೈಯಾಡಿಸಿ.

“ಅಷ್ಟ ಲಗೂ ಅನ್ನಾಂಗಿಲ್ಲ. ಮೊದಲ ತಿಳಿಯೂದಿಲ್ಲ ಅವಂಗ.” ರೇವವ್ವ ಗಂಡನ ಕಡೆ ತಿರುಗಿದಳು. “ಏನ್ರೀ, ನೀವ ಹೇಳ್ರಿ. ನೀವು ದಿನಾ ಕೂಡೂ ಜಾಗಾದಾಗ ನಾವು ಹನ್ನೆರಡು ಮಂದಿ ಕುಂತೀವಿ. ನೋಡಿದ್ರಿ. ಮೊದಲ ಏನಂತೀರಿ?”

ಈರಬಸಪ್ಪ ವೈರು ಸುತ್ತುತ್ತಿದ್ದವರು ನಿಂತರು. ಬಹಳ ಗಂಭೀರವಾಗಿ ವಿಚಾರ ಮಾಡಿದರು.

“‘ಚಹಾ ಆತೇನು?’ ಅಂತೀನಿ.”

ಮೈಲಾರವ್ವ ನಕ್ಕ ರಭಸಕ್ಕೆ ಕಾಡಿಗೆ ಗಲ್ಲಕ್ಕೆಲ್ಲ ಹರಡಿತು. ರೇವವ್ವ ಮಾತ್ರ ನಗಲಿಲ್ಲ. ಓಡಿಬಂದು ನನ್ನ ಭುಜ ಹಿಡಿದು ಅಲುಗಾಡಿಸಿದಳು.

“ಬರಿ ನಂದಾ, ಬರಿ! ಅದನ್ನ ಬರಿ!”