ಮೂರನೇ ಸಲ ಎತ್ತಿದ ಕೈ

ಹೊರದೇಶದ ಕುಬೇರರನ್ನು ಕರೆದು ಕೂರಿಸಿಕೊಳ್ಳುವ ಪ್ರಸ್ತಾಪ ಆ ವರ್ಷದ ಏಪ್ರಿಲ್‌ನಲ್ಲಿ ಸ್ವಿಟ್ಜರ್ಲೆಂಡಿನ ಒಂದು ಕಣಿವೆಯ ಬಯಲುಸಭೆಗೆ ಬಂತು. ಅವರ ಆದಾಯ ಎಷ್ಟೇ ಇರಲಿ, ಇಲ್ಲಿ ಮನೆ ಮಾಡಿ ವರ್ಷಕ್ಕೊಂದು ಇಡಿಗಂಟು ತೆರಿಗೆ ಕಟ್ಟಿದರೆ ಸಾಕು, ಮುಂದೆ ಯಾರೂ ಲೆಕ್ಕ ಕೇಳುವುದಿಲ್ಲ. ಅದೇ ಕಣಿವೆಯಲ್ಲಿ ಬಸ್ಸು ಓಡಿಸಿ ತಲೆ ಬೆಳ್ಳಗಾದ ಅಲ್ಫೋನ್ಸ್ ಮಾತ್ರ ತನ್ನ ಸಂಬಳದ ಪೈಸೆಪೈಸೆಗೂ ಲೆಕ್ಕ ಒಪ್ಪಿಸಬೇಕು. ನ್ಯಾಯ ಅಂದರೆ ಹೀಗಿರಬೇಕು ನೋಡಿ.

ಅಲ್ಫೋನ್ಸನ ಚಿಂತೆ ನ್ಯಾಯದ್ದಲ್ಲ, ಮನೆಯದು. ಅವನೂ ಹೆಂಡತಿ ಅಗಾಥಾಳೂ ಇದ್ದದ್ದು ಬಾಡಿಗೆ ಮನೆಯಲ್ಲಿ. ಮನೆಯ ಯಜಮಾನ ಬೋನಿಫಾಜ್ ಊರಿನ ಮುಖ್ಯಸ್ಥ, ಅಲ್ಫೋನ್ಸನ ಬಾಲ್ಯದ ಗೆಳೆಯ, ಅವನ ಮಗಳ ಜ್ಞಾನಸ್ನಾನಕ್ಕೆ ನಿಂತ ಧರ್ಮಪಿತ ಕೂಡ. ಕರಾರುಪತ್ರ ಇರಲಿಲ್ಲ. ನಾನಿರುವ ತನಕ ಈ ಮನೆ ನಿಮ್ಮದೇ ಎಂದು ಬೋನಿಫಾಜ್ ಕೈ ಕುಲುಕಿ ಹೇಳಿದ್ದ. ಆ ಊರಲ್ಲಿ ಅಷ್ಟೇ ಸಾಕಿತ್ತು. ಆದರೆ ಪಕ್ಕದ ಕಣಿವೆಯಲ್ಲಿ ಇಂಥದೇ ಕಾನೂನು ಬಂದು ಬಾಡಿಗೆ ಮುಗಿಲು ಮುಟ್ಟಿತ್ತು. ಅಲ್ಲಿಂದ ಎತ್ತಂಗಡಿಯಾದವರು ಬೆಳಿಗ್ಗೆ ತೂಕಡಿಸುತ್ತ ಅವನ ಬಸ್ಸಿನಲ್ಲೇ ಹಳೆಯ ಊರಿಗೆ ಕೆಲಸಕ್ಕೆ ಹೋಗುತ್ತಿದ್ದರು. ಬೇಡ ಅಂತಲೇ ಕೈ ಎತ್ತಬೇಕು ಎಂದು ಅಗಾಥಾ ಸಭೆಯ ದಿನ ತಿಂಡಿ ತಿನ್ನುವಾಗಲೇ ಹೇಳಿದ್ದಳು. ಅವನೂ ತಲೆಯಾಡಿಸಿದ್ದ.

ಅಲ್ಲಿ ಚೀಟಿ ಇಲ್ಲ, ಪೆಟ್ಟಿಗೆ ಇಲ್ಲ. ಊರೆಲ್ಲ ಚೌಕದಲ್ಲಿ ನಿಂತು ಕೈ ಎತ್ತುತ್ತದೆ. ಸಭಾಪತಿ ವೇದಿಕೆಯಿಂದ ಕಣ್ಣಳತೆಯಲ್ಲೇ ತೀರ್ಪು ಕೊಡುತ್ತಾನೆ. ಅಗಾಥಾ ಇಗರ್ಜಿಯ ಗಾಯಕರ ಜೊತೆ ವೇದಿಕೆಯ ಬುಡದಲ್ಲಿದ್ದಳು. ಅಲ್ಫೋನ್ಸ್ ಉಳಿದ ಡ್ರೈವರುಗಳ ಜೊತೆ ಹಿಂದಿನ ಅಂಚಿನಲ್ಲಿ. ಅವನ ಗ್ರಹಚಾರಕ್ಕೆ ಬೋನಿಫಾಜ್ ಬಂದು ಪಕ್ಕದಲ್ಲೇ ನಿಂತ.

ಬೇಕು ಎಂದವರ ಕೈಗಳು ಎದ್ದವು, ಬೋನಿಫಾಜನದೂ ಎದ್ದಿತು. ಅಲ್ಫೋನ್ಸ್ ಎತ್ತಲಿಲ್ಲ. ಬೇಡ ಎಂದವರವು ಎದ್ದವು. ಆಗಲೂ ಎತ್ತಲಿಲ್ಲ. ಮನೆ ಕೊಟ್ಟವನ ಮೂಗಿನಡಿ ಹೇಗೆ ಎತ್ತುವುದು? ಉಳಿದವರು ಎತ್ತುತ್ತಾರೆ ಬಿಡು ಅಂದುಕೊಂಡ. ಸಭಾಪತಿಗೆ ಅಂದಾಜು ಸಿಗಲಿಲ್ಲ. ಇನ್ನೊಮ್ಮೆ ಎತ್ತಿಸಿದರೂ ಅದೇ ಕತೆ. ಮೂರನೇ ಸಲ ಬೇಕು ಎನ್ನುವವರ ಸರದಿಯಲ್ಲಿ ಬೋನಿಫಾಜ್ ತನ್ನ ಕೈ ಮೇಲೆ ಮಾಡಿ, ಕತ್ತು ಕೂಡ ತಿರುಗಿಸದೆ, "ಏನೋ, ನಮ್ಮನೆ ಚಳಿಗೆ ಕೈ ಮರಗಟ್ಟಿದ್ಯೇನೋ?" ಅಂದ. ಸುತ್ತಲಿನವರು ನಕ್ಕರು. ಅಲ್ಫೋನ್ಸನ ಕೈ ಮೇಲೆ ಹೋಯಿತು. ತಮ್ಮಲ್ಲಿ ಹಿರಿಯನಾದ ಅವನೇ ಎತ್ತಿದ್ದನ್ನು ನೋಡಿ ಹಿಂದಿದ್ದ ಡ್ರೈವರುಗಳೂ ಎತ್ತಿದರು. ಪ್ರಸ್ತಾಪ ಅಂಗೀಕಾರವಾಯಿತು ಎಂದು ಸಭಾಪತಿ ಸಾರಿದ.

ಮನೆಯ ದಾರಿಯಲ್ಲಿ ಅಗಾಥಾ ಕೇಳಿದಳು. ಬೋನಿಫಾಜನ ಪಕ್ಕದಲ್ಲೇ ನಿಂತು ಬೇಡ ಅಂತಲೇ ಎತ್ತಿದೆ ಎಂದ ಅಲ್ಫೋನ್ಸ್. ಸುಳ್ಳು ಅಷ್ಟು ಸಲೀಸಾಗಿ ಬಂದದ್ದು ಅವನಿಗೇ ಆಶ್ಚರ್ಯ. ಸೋತರೂ ಚಿಂತೆಯಿಲ್ಲ, ನೀನಾದರೂ ಅಂಜಲಿಲ್ಲವಲ್ಲ ಎಂದು ಅವಳು ಅವನ ತೋಳು ಹಿಡಿದುಕೊಂಡು ನಡೆದಳು.

ಅಕ್ಟೋಬರಿನಲ್ಲಿ ಬೋನಿಫಾಜ್ ಬಂದ. ಅಗಾಥಾ ಕಾಫಿ ಕೊಟ್ಟಳು. ಯಾವುದೋ ದೇಶದ ಹಡಗಿನ ಯಜಮಾನನೊಬ್ಬನಿಗೆ ಮನೆ ಮಾರಿದ್ದೇನೆ, ಮಾರ್ಚ್‌ ಒಳಗೆ ಖಾಲಿ ಮಾಡಬೇಕು ಎಂದ. ಮಾತು ಕೊಟ್ಟಿದ್ದೆಯಲ್ಲ ಎಂದು ಅವಳು ಕೇಳಿದ್ದಕ್ಕೆ ಅವನಿಗೆ ನಿಜವಾಗಿಯೂ ಬೇಸರವಾಯಿತು.

"ನಾನೇನು ಕದ್ದುಮುಚ್ಚಿ ಮಾಡಿದ್ನಾ ಅಗಾಥಾ? ಊರೇ ಬೇಕು ಅಂತು. ನಿನ್ನ ಗಂಡನೂ ನನ್ನ ಪಕ್ಕದಲ್ಲೇ ನಿಂತು ಕೈ ಎತ್ತಿದ. ಇವನು ಎತ್ತಿದ್ಮೇಲೇ ಡ್ರೈವರುಗಳು ಎತ್ತಿದ್ದು. ಗೆದ್ದಿದ್ದೇ ಅದರಿಂದ."

ಬೋನಿಫಾಜ್ ಹೋದ ಮೇಲೆ, ಒಂದು ಕೈಯಿಂದ ಏನಾದೀತು ಅಂದುಕೊಂಡೆ ಎಂದು ಅಲ್ಫೋನ್ಸ್ ಗೊಣಗಿದ.

"ಮನೆ ಹೋಗ್ಲಿ," ಅಂದಳು ಅಗಾಥಾ. "ನನ್ನ ಗಂಡ ಬೋನಿಫಾಜ್ ಪಕ್ಕದಲ್ಲೇ ನಿಂತು ಬೇಡ ಅಂತ ಕೈ ಎತ್ತಿದ ಅಂತ ಬೇಸಿಗೆಯೆಲ್ಲಾ ಹೇಳ್ಕೊಂಡು ತಿರುಗಿದೆ. ಬೇಕರೀಲಿ ಹೇಳ್ದೆ, ಇಗರ್ಜೀಲಿ ಹೇಳ್ದೆ. ಕೇಳಿದವ್ರೆಲ್ಲ ನಿನ್ನ ಕೈ ಕಣ್ಣಾರೆ ಕಂಡವ್ರು. ಹೌದಾ ಅಗಾಥಾ, ಹೌದಾ ಅಂತಿದ್ರು."

ಅವನು ಏನೋ ಹೇಳಹೋದ. ಅವಳು ಲೋಟ ತೊಳೆಯಲು ಎದ್ದಳು.

ಮಾರ್ಚ್‌ನಲ್ಲಿ ಮನೆ ಮುಂದೆ ಎರಡು ಲಾರಿ ಬಂದು ನಿಂತವು. ಒಂದು ಅವಳ ಅಕ್ಕನ ಊರಿಗೆ, ಇನ್ನೊಂದು ಘಟ್ಟದಾಚೆ ಅಲ್ಫೋನ್ಸ್ ಹಿಡಿದಿದ್ದ ಒಂಟಿ ಕೋಣೆಗೆ.