ಬಸ್ಸು ಓಡಿಸುವುದೂ ಒಂದು ಆಟವೇ

ವಿಡಿಯೋ ಗೇಮುಗಳ ವಿಷಯದಲ್ಲಿ ಅಶೋಕನಿಗೆ ಗೊತ್ತಿಲ್ಲದ್ದು ಯಾವುದೂ ಇರಲಿಲ್ಲ. ಹಾಗಂತ ಹಾಸನದಲ್ಲಿ ಬೇರೆ ಯಾರೂ ಹೇಳುತ್ತಿರಲಿಲ್ಲ, ಅಶೋಕನೇ ಹೇಳಿಕೊಳ್ಳುತ್ತಿದ್ದ. ವಯಸ್ಸು ನಲವತ್ತೊಂದು, ತಲೆಗೂದಲು ಹಣೆಯ ಕಡೆಯಿಂದ ಜಾಗ ಖಾಲಿ ಮಾಡುತ್ತಾ ಬಂದಿತ್ತು, ಕೆಲಸ ಒಂದು ಖಾಸಗಿ ಪಾಲಿಟೆಕ್ನಿಕ್ಕಿನಲ್ಲಿ ಲ್ಯಾಬ್ ಇನ್‌ಸ್ಟ್ರಕ್ಟರು. ಅದೆಲ್ಲ ಹೊಟ್ಟೆಪಾಡು, ಅಸಲಿಗೆ ತಾನೊಬ್ಬ ಗೇಮರು ಎಂಬುದು ಅವನ ನಂಬಿಕೆ. ಅದನ್ನು ನಾಲ್ಕು ಜನಕ್ಕೆ ತಿಳಿಸಲೆಂದೇ ಯೂಟ್ಯೂಬಿನಲ್ಲಿ ಒಂದು ಚಾನೆಲ್ ಇಟ್ಟಿದ್ದ. ಚಂದಾದಾರರು ಎಂಬತ್ತಮೂರು. ಅವರಲ್ಲಿ ಒಬ್ಬಳು ಹೆಂಡತಿ ರಂಜಿನಿ, ಸಾಲಗಾಮೆ ಶಾಲೆಯ ಟೀಚರು. ಅವಳೂ ಒಂದೇ ಒಂದು ವಿಡಿಯೋ ಪೂರ್ತಿ ನೋಡಿದವಳಲ್ಲ.

ಅವನ ಮಾತು ಕೇಳಿದ್ದರೆ ಆಟದ ಕಂಪನಿಯವರು ಊಟ ಬಿಡಬೇಕಿತ್ತು. ಈಗಿನ ಆಟಗಳೆಲ್ಲ ಒಳಗೆ ಹಿಟ್ಟು ಬೇಯದ ಮುದ್ದೆ ಎನ್ನುತ್ತಿದ್ದ. ಕೊಂಡ ದಿನವೇ ಎಂಬತ್ತು ಜಿಬಿ ಅಪ್‌ಡೇಟ್ ಕೇಳುತ್ತವೆ, ಅದು ಇಳಿಯುವಷ್ಟರಲ್ಲಿ ಭಾನುವಾರ ಮುಗಿದು ಸೋಮವಾರ ಬಾಗಿಲಲ್ಲಿ ನಿಂತಿರುತ್ತದೆ. ಆಟಕ್ಕೆ ದುಡ್ಡು ತೆತ್ತ ಮೇಲೂ ಒಳಗಿನ ಸಿಪಾಯಿಯ ಅಂಗಿಗೆ ಬೇರೆ ದುಡ್ಡು, ಬೂಟಿಗೆ ಬೇರೆ ದುಡ್ಡು. ತಾನು ಹುಡುಗನಾಗಿದ್ದಾಗ ಟಿವಿಗೆ ಸಿಕ್ಕಿಸುವ ವಿಡಿಯೋ ಗೇಮಿತ್ತು, ಕ್ಯಾಸೆಟ್ಟಿನ ಮೂತಿಗೆ ಉಫ್ ಎಂದು ಊದಿ ಹಾಕಿದರೆ ಆಟ ಶುರು, ಅದಪ್ಪಾ ಕಾಲ ಎಂದರೆ. ಆ ಕ್ಯಾಸೆಟ್ಟಿನ ಮೇಲೆ ಒಂಬತ್ತು ಸಾವಿರದ ಒಂಬೈನೂರ ತೊಂಬತ್ತೊಂಬತ್ತು ಆಟ ಎಂದು ಅಚ್ಚು ಹಾಕಿ, ಒಳಗೆ ಎಂಟೇ ಎಂಟು ಆಟಗಳನ್ನು ತಿರುಗಾಮುರುಗಾ ತುಂಬಿ ಅವತ್ತೇ ಮೋಸ ಮಾಡಿದ್ದರು ಎನ್ನುವುದನ್ನು ಮಾತ್ರ ಜಾಣತನದಿಂದ ಮರೆಯುತ್ತಿದ್ದ.

ಎಲ್ಲಕ್ಕಿಂತ ಹೆಚ್ಚಿನ ಸಿಟ್ಟು ಎರಡು ವಿಷಯಗಳ ಮೇಲೆ. ಒಂದು, ಈಸಿ ಮೋಡು. ಆಟವನ್ನು ಸುಲಭ ಮಾಡಿಕೊಂಡು ಆಡುವವನು ಅವನ ಪ್ರಕಾರ ಕೈಕಟ್ಟಿಸಿಕೊಂಡು ತುತ್ತು ತಿನ್ನಿಸಿಕೊಳ್ಳುವವನು. ಇನ್ನೊಂದು, ಬಸ್ಸು ಓಡಿಸುವ ಆಟ. ಶತ್ರು ಇಲ್ಲ, ಗೆಲುವಿಲ್ಲ, ಸೋಲಿಲ್ಲ, ಸುಮ್ಮನೆ ಸ್ಟಾಪಿನಿಂದ ಸ್ಟಾಪಿಗೆ ಹೋಗುವುದು. ಬಸ್ಸು ಓಡಿಸುವುದೂ ಒಂದು ಆಟವೇ ಎಂದು ಹದಿನಾಲ್ಕು ನಿಮಿಷದ ವಿಡಿಯೋ ಮಾಡಿ ಝಾಡಿಸಿದ್ದ. ಅದನ್ನು ಇಪ್ಪತ್ತೆರಡು ಸಲ ನೋಡಲಾಗಿತ್ತು. ಆರು ಸಲ ಅವನೇ, ಧ್ವನಿ ಸರಿಯಾಗಿ ಬಂದಿದೆಯೇ ಎಂದು ನೋಡಲು.

ಅವನಪ್ಪ ಚಿಕ್ಕಯ್ಯ ಮೂವತ್ತೊಂದು ವರ್ಷ ಬಸ್ಸು ಓಡಿಸಿದವನು ಎಂಬುದು ಆ ವಿಡಿಯೋ ಮಾಡುವಾಗ ಅವನಿಗೆ ಹೊಳೆಯಲೇ ಇಲ್ಲ. ಕಟ್ಟಾಯದಿಂದ ಬಂದು ಸರ್ಕಾರಿ ಬಸ್ಸಿನ ಡ್ರೈವರಾದ ಚಿಕ್ಕಯ್ಯ ಹನ್ನೊಂದು ವರ್ಷ ಚನ್ನರಾಯಪಟ್ಟಣದ ರೂಟು, ಆಮೇಲೆ ರಿಟೈರಾಗುವ ತನಕ ಹೊಳೆನರಸೀಪುರದ ಮೇಲೆ ಅರಕಲಗೂಡಿನ ರೂಟು. ಡಿಸೆಂಬರಿನಲ್ಲಿ ಒಂದು ಬೆಳಿಗ್ಗೆ ಕಾಫಿ ಲೋಟ ಅವನ ಕೈಯಿಂದ ಜಾರಿತು. ಲಕ್ವ. ಆಸ್ಪತ್ರೆಯಿಂದ ಮನೆಗೆ ಬರುವಷ್ಟರಲ್ಲಿ ಬಲಗಾಲು ಅಷ್ಟಿಷ್ಟು ಬಂತು, ಬಲಗೈ ಬರಲಿಲ್ಲ. ನಾಲಿಗೆ ತೊದಲುತ್ತಿತ್ತು. ತೊದಲುವುದಕ್ಕೆ ನಾಚಿ ಚಿಕ್ಕಯ್ಯ ಬಾಯಿಗೇ ಬೀಗ ಹಾಕಿಕೊಂಡ.

ವಾರಕ್ಕೆರಡು ಸಲ ಅನುಶ್ರೀ ಎಂಬ ಫಿಸಿಯೋಥೆರಪಿ ಡಾಕ್ಟರು ಮನೆಗೆ ಬರುತ್ತಿದ್ದಳು. ಮೊದಲ ಮೂರು ನಾಲ್ಕು ತಿಂಗಳು ಕೈಗೆ ಕೆಲಸ ಕೊಟ್ಟರೆ ಉಂಟು, ಇಲ್ಲದಿದ್ದರೆ ಅದು ಹೀಗೇ ಉಳಿದುಬಿಡುವ ಸಾಧ್ಯತೆಯೇ ಹೆಚ್ಚು ಎಂದು ಮುಚ್ಚುಮರೆಯಿಲ್ಲದೆ ಹೇಳಿದ್ದಳು. ಹಿಸುಕಲು ಒಂದು ಮೆತ್ತನೆಯ ಚೆಂಡು ಕೊಟ್ಟಳು. ಚಿಕ್ಕಯ್ಯ ಅದನ್ನು ಎಡಗೈಯಲ್ಲಿ ತೆಗೆದು ಮಂಚದ ಕೆಳಗೆ ಬಿಸಾಕಿದ. ಮಣಿ ಪೋಣಿಸಲು ಹೇಳಿದಳು, ಗೋಡೆ ಕಡೆ ತಿರುಗಿ ಮಲಗಿದ. ಹೆಂಡತಿ ಮುದ್ದಮ್ಮ ಗದರಿದಳು, ಅತ್ತಳು, ಬಗ್ಗಲಿಲ್ಲ. ಜನವರಿ ಕಳೆಯಿತು. ಅಶೋಕನಿಗೆ ಅಪ್ಪನ ಆ ಕೈ ನೋಡಲು ಆಗುತ್ತಿರಲಿಲ್ಲ. ಕಾಲೇಜಿನಿಂದ ಬಂದವನೇ ತನ್ನ ರೂಮು ಸೇರಿ ಹೆಡ್‌ಫೋನ್ ಹಾಕಿಕೊಳ್ಳುತ್ತಿದ್ದ. ಅದು ಹೇಡಿತನ ಎಂದು ಅವನಿಗೇ ಗೊತ್ತಿತ್ತು.

ಒಂದು ದಿನ ಅನುಶ್ರೀ ಆ ರೂಮಿನೊಳಗೆ ಇಣುಕಿದಳು. ಮೇಜಿಗೆ ಬಿಗಿದ ಸ್ಟೇರಿಂಗು, ಕೆಳಗೆ ಪೆಡಲುಗಳು. ಕಾರ್ ರೇಸ್ ಆಡಲು ಅಶೋಕ ತರಿಸಿಕೊಂಡಿದ್ದ ಸೆಟ್ಟು. ಇದು ಮನೆಯಲ್ಲೇ ಇರುವಾಗ ನಾನು ಮಣಿ ಪೋಣಿಸಿ ಅನ್ನುತ್ತಿದ್ದೀನಲ್ಲ ಸರ್ ಎಂದಳು. ಅಶೋಕನ ಎದೆ ಉಬ್ಬಿತು. ಮೂವತ್ತು ವರ್ಷದ ಸಾಧನೆಗೆ ಕೊನೆಗೂ ವೈದ್ಯಲೋಕದಿಂದ ಕರೆ ಬಂದಿತ್ತು.

ಮಾರನೆಯ ದಿನವೇ ಚಿಕ್ಕಯ್ಯನನ್ನು ಕೂರಿಸಿ ತನ್ನ ಮೆಚ್ಚಿನ ರೇಸ್ ಹಾಕಿದ, ಅದೂ ಹಾರ್ಡ್ ಮೋಡಿನಲ್ಲಿ. ತತ್ವ ಎಂದರೆ ತತ್ವ. ಬಾವುಟ ಬಿತ್ತು, ಇಪ್ಪತ್ತು ಕಾರುಗಳು ಒಂದನ್ನೊಂದು ಉಜ್ಜಿಕೊಂಡು ನುಗ್ಗಿದವು. ಚಿಕ್ಕಯ್ಯ ಅದನ್ನು ಒಂದು ನಿಮಿಷ ನೋಡಿ, ಲೈಸೆನ್ಸ್ ಇಲ್ಲದವರನ್ನು ಕಂಡ ಮುಖ ಮಾಡಿ, ಎದ್ದು ಗೋಡೆ ಹಿಡಿದುಕೊಂಡು ಹೊರಟುಹೋದ. ಮಗುವಿಗೆ ಒಂದನೇ ಕ್ಲಾಸಿನಲ್ಲೇ ಎಸ್ಸೆಸ್ಸೆಲ್ಸಿ ಪೇಪರ್ ಕೊಟ್ಟರೆ ಇನ್ನೇನಾಗುತ್ತೆ ರೀ ಎಂದು ರಂಜಿನಿ ಅಡುಗೆಮನೆಯಿಂದಲೇ ಕೇಳಿದಳು.

ಹೀಗೆ ಅಶೋಕ ಬಾಗಿಲು ಹಾಕಿಕೊಂಡು, ಎಂಬತ್ತಮೂರು ಜನರಲ್ಲಿ ಯಾರಿಗೂ ತಿಳಿಯದ ಹಾಗೆ, ಬಸ್ಸಿನ ಆಟವನ್ನು ಇಳಿಸಿಕೊಂಡ. ಯಾರೋ ಪುಣ್ಯಾತ್ಮರು ಅದಕ್ಕೊಂದು ಕೆಂಪು ಬಸ್ಸು ಮಾಡಿಟ್ಟಿದ್ದರು, ನೆತ್ತಿಯ ಬೋರ್ಡಿನಲ್ಲಿ ಬೇಕಾದ ಊರು ಬರೆದುಕೊಳ್ಳಬಹುದಿತ್ತು. ಹಾಸನ–ಹೊಳೆನರಸೀಪುರ–ಅರಕಲಗೂಡು ಎಂದು ಬರೆದ. ಸ್ಟೇರಿಂಗು ಹಗುರ ಮಾಡಿದ. ಆಮೇಲೆ ಅತ್ತ ಇತ್ತ ನೋಡಿ ಈಸಿ ಮೋಡು ಒತ್ತಿದ. ಅಷ್ಟು ಹೊತ್ತಿಗೆ ಮಾನ ಎನ್ನುವುದು ಉಳಿದಿರಲಿಲ್ಲ.

ಬೋರ್ಡು ಕಂಡದ್ದೇ ಚಿಕ್ಕಯ್ಯ ನೆಟ್ಟಗೆ ಕೂತ. ಎಡಗೈಯಿಂದ ಬಲಗೈಯನ್ನು ಎತ್ತಿ, ತಾನೇ ಸ್ಟೇರಿಂಗಿನ ಮೇಲಿಟ್ಟುಕೊಂಡ. ಎರಡು ತಿಂಗಳಲ್ಲಿ ಆ ಕೈಗೆ ಅವನಾಗಿ ಮಾಡಿದ ಮೊದಲ ಉಪಚಾರ ಅದು. ಅಶೋಕ ಇಂಜಿನ್ ಶುರು ಮಾಡಿ ಹಿಂದೆ ನಿಂತ. ಬಸ್ಸು ಅಲುಗಲಿಲ್ಲ. ಒಂದು ನಿಮಿಷ, ಐದು ನಿಮಿಷ. ಚಿಕ್ಕಯ್ಯ ನೇರ ಮುಂದೆ ನೋಡುತ್ತಾ ಕೂತೇ ಇದ್ದ. ಅಶೋಕ ಯಾವ ಪೆಡಲು ಯಾವುದಕ್ಕೆ ಎಂದು ವಿವರಿಸಿದ, ಬಗ್ಗಿ ತೋರಿಸಿದ, ಕೊನೆಗೆ ಕೀಬೋರ್ಡಿನಿಂದ ತಾನೇ ಬಸ್ಸನ್ನು ನಾಲ್ಕಡಿ ಮುಂದೆ ಬಿಟ್ಟ. ಚಿಕ್ಕಯ್ಯ ಎಡಗೈಯಿಂದ ಅವನ ಕೈಗೆ ಪಟ್ಟೆಂದು ಹೊಡೆದು ಬ್ರೇಕ್ ಒತ್ತಿದ. ಅಪ್ಪನಿಗೆ ಬಸ್ಸು ಓಡಿಸುವುದೇ ಮರೆತುಹೋಗಿದೆ, ಇನ್ನು ಮುಗಿಯಿತು ಎಂದುಕೊಂಡ ಅಶೋಕ.

ಬಾಗಿಲಲ್ಲಿ ನಿಂತು ಸೊಪ್ಪು ಬಿಡಿಸುತ್ತಿದ್ದ ಮುದ್ದಮ್ಮ ಮಗನನ್ನು ಮೇಲಿಂದ ಕೆಳಗೆ ನೋಡಿದಳು.

"ಅಲ್ಲ ಕಣ್ಲಾ, ಕಂಡಕ್ಟ್ರು ರೈಟ್ ಅನ್ನದೆ ನಿಮ್ಮಪ್ಪ ಯಾವತ್ತು ಬಸ್ ಎತ್ತವ್ರೆ? ನೀನು ಇಂದ್ಗಡೆ ಕಂಬದಂಗೆ ನಿಂತ್ಕಂಡ್ರೆ ಅವ್ರೇನ್ ಮಾಡಾರು?"

ಅಶೋಕ ನಾಚಿಕೆಯಿಂದ ಗಂಟಲು ಸರಿಮಾಡಿಕೊಂಡು ರೈಟ್ ಎಂದ. ಬಸ್ಸು ಹೊರಟಿತು.

ಅಂದಿನಿಂದ ದಿನಾ ಸಂಜೆ ನಾಲ್ಕೂವರೆಗೆ ಒಂದು ಟ್ರಿಪ್ಪು. ಆಟದ ರಸ್ತೆ ಯಾವುದೋ ಪರದೇಶದ್ದು, ಸಮುದ್ರ ಬೇರೆ ಕಾಣುತ್ತಿತ್ತು. ಆದರೂ ಮುದ್ದಮ್ಮ ಹಿಂದೆ ಕುರ್ಚಿ ಹಾಕಿಕೊಂಡು ಕೂತು, ಮೊದಲ ಸ್ಟಾಪು ಬಂದರೆ ಮೊಸಳೆ ಹೊಸಳ್ಳಿ ಬಂತು ಎನ್ನುತ್ತಿದ್ದಳು, ಮುಂದಿನದು ಹೊಳೆನರಸೀಪುರ ಎನ್ನುತ್ತಿದ್ದಳು. ಅಶೋಕನ ಕೆಲಸ ಸ್ಟಾಪ್ ಕೂಗುವುದು, ರೈಟ್ ಹೇಳುವುದು. ಹೇಳುವುದು ತಡವಾದರೆ ಚಿಕ್ಕಯ್ಯ ಸ್ಟೇರಿಂಗು ಬಡಿಯುತ್ತಿದ್ದ. ಸುಮ್ಮನಿರಲಾರದೆ ಅಶೋಕ ನಡುನಡುವೆ ಈ ಆಟದ ಗ್ರಾಫಿಕ್ಸು ಕಳಪೆ, ನೆರಳು ಸರಿ ಬೀಳುತ್ತಿಲ್ಲ ಎಂದು ವಿಮರ್ಶೆ ಶುರು ಮಾಡುತ್ತಿದ್ದ. ಆ ಭರದಲ್ಲಿ ಎರಡು ಸಲ ಇಳಿಯುವ ಜನ ಇಳಿಯುವ ಮೊದಲೇ ರೈಟ್ ಎಂದುಬಿಟ್ಟ. ಮೂವತ್ತು ವರ್ಷ ರಾಕ್ಷಸರನ್ನೂ ಸೇನೆಗಳನ್ನೂ ಒಬ್ಬನೇ ಸದೆಬಡಿದವನಿಗೆ ಕಂಡಕ್ಟರಿಕೆ ಒಗ್ಗುತ್ತಿರಲಿಲ್ಲ. ಆದರೆ ಬೆರಳುಗಳು ಮಡಚುತ್ತಿದ್ದವು. ಮೊದಲು ಹೆಬ್ಬೆರಳು, ಆಮೇಲೆ ತೋರುಬೆರಳು. ಇನ್ನೊಂದು ತಿಂಗಳು ಹೀಗೇ ಆಗಲಿ, ನಿಲ್ಲಿಸಬೇಡಿ ಎಂದು ಅನುಶ್ರೀ ಹೇಳಿದಳು.

ಅವಳು ಹಾಗಂದ ನಾಲ್ಕನೇ ದಿನಕ್ಕೆ ಅಪ್‌ಡೇಟ್ ಬಂತು.

ಭಾನುವಾರ ಸಂಜೆ ನಾಲ್ಕೂವರೆ. ರೈಟ್ ಎಂದದ್ದೇ ಬಸ್ಸು ತಾನಾಗಿ ಎಡಕ್ಕೆ ಎಳೆಯಿತು. ಚಿಕ್ಕಯ್ಯ ಎರಡೂ ಕೈಯಿಂದ ಬಲಕ್ಕೆ ತಿರುಗಿಸಿದ. ಕೇಳಲಿಲ್ಲ, ಹೋಗಿ ಗೋಡೆಗೆ ಕಚ್ಚಿಕೊಂಡು ನಿಂತಿತು. ಹಾರನ್ ಕೂಡ ಸತ್ತುಹೋಗಿತ್ತು. ಅಶೋಕ ತಂತಿ ಕಿತ್ತು ಹಾಕಿದ, ಕಂಪ್ಯೂಟರ್ ಆರಿಸಿ ಹಚ್ಚಿದ, ಮತ್ತೆ ಅದೇ ಗೋಡೆ. ಅಪ್‌ಡೇಟ್ ಬಗ್ಗೆ ಇಷ್ಟು ವರ್ಷ ಬೈದದ್ದೆಲ್ಲ ಬಾಯಿಚಪಲಕ್ಕೆ ಬೈದದ್ದು. ಇವತ್ತು ಮೊದಲ ಸಲ ನಿಜವಾಗಿ ಹೊಟ್ಟೆ ಉರಿಯಿತು. ಕಂಪನಿಯವರಿಗೆ ಬರೆಯಲು ಕೂತವನಿಗೆ ಚಾನೆಲ್ಲಿನ ಚೂಪು ಮಾತು ಒಂದೂ ನೆನಪಾಗಲಿಲ್ಲ. ನಮ್ಮ ತಂದೆ ಬಸ್ಸಿನಲ್ಲಿ ಕೂತಿದ್ದಾರೆ, ದಯವಿಟ್ಟು ಸರಿ ಮಾಡಿಕೊಡಿ ಎಂದಷ್ಟೇ ಬರೆದು ಕಳಿಸಿದ. ನಿಮ್ಮ ಅಮೂಲ್ಯ ಅಭಿಪ್ರಾಯಕ್ಕೆ ಧನ್ಯವಾದ ಎಂದು ಮರುನಿಮಿಷವೇ ಯಂತ್ರ ಉತ್ತರ ಕೊಟ್ಟಿತು.

ಏಳಪ್ಪ, ಇವತ್ತಿಗೆ ಇಷ್ಟೇ ಎಂದರೆ ಚಿಕ್ಕಯ್ಯ ಏಳಲಿಲ್ಲ. ಕೆಟ್ಟ ಗಾಡಿ ಬಿಟ್ಟು ಡ್ರೈವರು ಇಳಿದು ಹೋಗುವುದುಂಟೇ, ಹೊಳೆನರಸೀಪುರದ ರಸ್ತೆಯಲ್ಲಿ ಒಮ್ಮೆ ಬೆಳಿಗ್ಗೆಯಿಂದ ಸಂಜೆವರೆಗೆ ಕೂತಿದ್ದಾಗ ನಾನೇ ಕ್ಯಾರಿಯರಿನಲ್ಲಿ ಊಟ ತೆಗೆದುಕೊಂಡು ಹೋಗಿದ್ದೆ ಎಂದಳು ಮುದ್ದಮ್ಮ. ಸ್ವಲ್ಪ ಹೊತ್ತಿನ ಮೇಲೆ ಚಿಕ್ಕಯ್ಯ ಗಾಳಿಯಲ್ಲಿ ಬರೆಯುವ ಹಾಗೆ ಸನ್ನೆ ಮಾಡಿದ. ಅದೂ ಅವಳಿಗೇ ಅರ್ಥವಾದದ್ದು. ಡಿಪೋದಲ್ಲಿ ಗಾಡಿಗೇನಾದರೂ ಆಗಿದ್ದರೆ ಅದನ್ನು ಕಂಪ್ಲೇಂಟ್ ಪುಸ್ತಕದಲ್ಲಿ ಬರೆದೇ ಡ್ರೈವರು ಮನೆಗೆ ಹೋಗಬೇಕು, ಬರೆಯದಿದ್ದರೆ ಮೆಕ್ಯಾನಿಕ್ಕು ಗಾಡಿ ಮುಟ್ಟುವುದಿಲ್ಲ. ಅಶೋಕ ಒಂದು ನೋಟ್‌ಬುಕ್ಕು, ಪೆನ್ನು ಮುಂದಿಟ್ಟು, ಕಂಪನಿಯಿಂದ ಬೇರೆ ಉತ್ತರವೇನಾದರೂ ಬಂತೇ ಎಂದು ಫೋನಿನಲ್ಲಿ ಮುಳುಗಿದ. ಹತ್ತು ನಿಮಿಷ ಬಿಟ್ಟು ಪುಸ್ತಕ ಅವನ ಮಡಿಲಿಗೆ ಬಂದು ಬಿತ್ತು. ಅಕ್ಷರಗಳು ಒಂದರ ಮೇಲೊಂದು ಬಿದ್ದಿದ್ದವು, ಆದರೂ ಓದಲು ಬರುತ್ತಿತ್ತು.

ಸ್ಟೇರಿಂಗ್ ಎಡಕ್ಕೆ ಎಳೆಯುತ್ತೆ. ಹಾರನ್ ಇಲ್ಲ. ಕಂಡಕ್ಟರ್ ಮಾತು ಜಾಸ್ತಿ, ಜನ ಇಳಿದರೋ ಇಲ್ಲವೋ ನೋಡಲ್ಲ. ಬೇರೆಯವರನ್ನ ಹಾಕಿ.

ಅಶೋಕನಿಗೆ ರೇಗಿತು. ಎರಡು ಸಲ ಆದದ್ದು ನಿಜ, ಆದರೆ ಇಳಿಯುವ ಜನರನ್ನು ಸರಿಯಾಗಿ ತೋರಿಸದಿದ್ದದ್ದು ಆಟದ ತಪ್ಪು, ಅದಕ್ಕೆ ತಾನು ಹೊಣೆಯಲ್ಲ ಎಂದು ವಾದಕ್ಕೆ ನಿಂತ. ಒಂದು ತಿಂಗಳಿಂದ ಕಾಲೇಜಿನಿಂದ ಓಡಿ ಬಂದು ಗಂಟಲು ಹರಿದುಕೊಂಡಿದ್ದಕ್ಕೆ ಇದೇನಾ ಎಂದ. ಇನ್ನೂ ಹೇಳುವುದಿತ್ತು.

"ಬಾಯ್ ಮುಚ್ಚಲಾ," ಎಂದಳು ಮುದ್ದಮ್ಮ. "ಯಾವ ಕೈಲಿ ಬರ್ದವ್ರೆ ನೋಡ್ಲಾ ಮೊದ್ಲು."

ಪೆನ್ನು ಇನ್ನೂ ಚಿಕ್ಕಯ್ಯನ ಕೈಯಲ್ಲೇ ಇತ್ತು. ಬಲಗೈ. ಸೌಟು ಹಿಡಿದ ಹಾಗೆ ಮುಷ್ಟಿ ಕಟ್ಟಿ ಹಿಡಿದಿದ್ದ, ಮುಂಗೈ ನಡುಗುತ್ತಿತ್ತು, ಹಣೆಯಲ್ಲಿ ಬೆವರು.

ಅಶೋಕನಿಗೆ ಅಳು ತಡೆಯಲಾಗಲಿಲ್ಲ. ನಲವತ್ತೊಂದು ವರ್ಷದ ಗಂಡಸು ಅಪ್ಪನ ಕುರ್ಚಿಯ ಪಕ್ಕ ನೆಲದ ಮೇಲೆ ಕೂತು ಬಿಕ್ಕಿದ. ಚಿಕ್ಕಯ್ಯ ಅದಕ್ಕೆಲ್ಲ ಕಾಯುವವನಲ್ಲ, ಪೆನ್ನನ್ನು ಅವನ ಕಡೆ ಚಾಚಿ ಪುಸ್ತಕದ ಕೆಳತುದಿ ತೋರಿಸಿದ. ಓದಿದ್ದೇನೆ, ದೂರು ನಿಜ ಎಂದು ಅಶೋಕ ಬರೆದು, ಕಂಡಕ್ಟರ್ ಎಂದು ಸೇರಿಸಿ ಸಹಿ ಹಾಕಿದ. ಚಿಕ್ಕಯ್ಯ ಪುಸ್ತಕವನ್ನು ಕಣ್ಣಿನ ಹತ್ತಿರ ಹಿಡಿದು ಸಹಿ ನೋಡಿದ. ಆಮೇಲೆ ಬಸ್ಸಿನಿಂದ ಇಳಿದ.