ಕತ್ತರಿ ಮಾತು ಬಿಟ್ಟಿರಲಿಲ್ಲ

ಹೊಲಿಗೆ ಅಂಗಡಿಯ ಮೂಲೆಯಲ್ಲಿ ಗುಂಡಿಗಳ ಡಬ್ಬ ಸರಿಸಿ, ಪುಟ್ಟಿ ಬಿಳಿ ಕಾರ್ಡು ಇಟ್ಟುಕೊಂಡು ಕೂತಿದ್ದಳು. ಗುಂಡಿ ತೂರುವ ಕಾಜಾ ತೆಗೆಯುತ್ತ ಕಣ್ಣು ಸೋತ ಕಾಜಾಕ್ಕನಿಗೆ ಅಂದೇ ಕೆಲಸದ ಕೊನೆಯ ದಿನ. ಅವಳು ಊಟ ಮುಗಿಸಿ ಬರುವಷ್ಟರಲ್ಲಿ ಕಾರ್ಡು ಸಿದ್ಧವಾಗಬೇಕಿತ್ತು.

"ಲೈಫ್‌ಲಾಂಗ್ ಫ್ರೆಂಡ್ ಅಂತ ಬರಿ ಪುಟ್ಟಿ," ಎಂದಳು ಅದೇ ಅಂಗಡಿಯಲ್ಲಿ ಹೊಲಿಯುವ ಅವಳ ಸೋದರತ್ತೆ. "ಅವಳಿಗೆ ಇಂಗ್ಲಿಷ್ ಅಂದ್ರೆ ಪ್ರಾಣ."

"ಹಾಗಂದ್ರೆ ಜೀವನಪೂರ್ತಿ, ಅತ್ತೆ. ದಿನಪೂರ್ತಿ ನಡೆದ್ರೆ ಡೇಲಾಂಗ್, ವರ್ಷಪೂರ್ತಿ ಆದ್ರೆ ಇಯರ್‌ಲಾಂಗ್. ಮಧ್ಯೆ ಕಡಿದುಹೋಗಿದ್ದಕ್ಕೆ..." ಹುಡುಗಿ ನಾಲಿಗೆ ಕಚ್ಚಿಕೊಂಡಳು.

ಕೆಟ್ಟುಹೋದ ಒಂದು ಕೋಟಿನ ತಪ್ಪನ್ನು ಪರಸ್ಪರರ ತಲೆಗೆ ಕಟ್ಟಿ, ಎದುರುಬದುರು ಮೇಜುಗಳಲ್ಲೇ ಅತ್ತೆಯೂ ಕಾಜಾಕ್ಕನೂ ಹಿಂದೊಮ್ಮೆ ಆರು ವರ್ಷ ಮಾತು ಬಿಟ್ಟಿದ್ದರು. ಅದು ಇಡೀ ಬೀದಿಗೆ ಗೊತ್ತು.

ಅತ್ತೆಯ ಮುಖ ಸಣ್ಣದಾಯಿತು. "ಕೊನೇ ದಿನ ಅವಳ ಕೈಗೆ ಸುಳ್ಳು ಕೊಡೋಕಾಗಲ್ಲ. ಬರೀ ಫ್ರೆಂಡ್ ಅಂತ ಹಾಕು, ಸಾಕು."

ಹಾಗೆಂದವಳೇ ಕಾಜಾಕ್ಕನ ಕತ್ತರಿಯನ್ನು ಮಸೆಯಲು ಕೂತಳು. ಆ ಅಂಗಡಿಯಲ್ಲಿ ಯಾರೂ ತಮ್ಮ ಕತ್ತರಿಯನ್ನು ತಾವೇ ಮಸೆಯುವುದಿಲ್ಲ. ಬಳಸಿದ ಕೈ ಅದರ ಊನಕ್ಕೆ ಒಗ್ಗಿಹೋಗಿರುತ್ತದಂತೆ, ಮೊಂಡಾದದ್ದು ತಿಳಿಯುವುದಿಲ್ಲವಂತೆ.

ಹುಡುಗಿ ಪೆನ್ನು ಕೆಳಗಿಟ್ಟಳು. "ಆ ಆರು ವರ್ಷ ಇದನ್ನ ಯಾರು ಮಸೀತಿದ್ರು?"

"ಇನ್ಯಾರು, ನಾನೇ. ನನ್ನದನ್ನ ಅವಳು. ಮಾತು ಬಿಟ್ಟಿದ್ದು ನಾವು ಕಣೆ, ಕತ್ತರಿ ಏನು ಮಾಡಿತ್ತು? ಶನಿವಾರ ಶನಿವಾರ ಮಸೆದು ಅವಳ ಮೇಜಿನ ಮೇಲೆ ಕುಕ್ಕಿ, ಮುಖ ತಿರುಗಿಸ್ಕೊಂಡು ಬರ್ತಿದ್ದೆ."

"ಒಂದು ವಾರಾನೂ ತಪ್ಪಲಿಲ್ವಾ?"

"ನಾನು ಜ್ವರ ಬಂದು ಮಲಗಿದ್ದಾಗ ತಪ್ಪೋದ್ರಲ್ಲಿತ್ತು. ಮಹಾತಾಯಿ ಮಸೆಯೋಕೆ ಮನೆಗೇ ಕಳಿಸಿದ್ಲು, ತನ್ನ ಕತ್ತರೀನ! ಎಷ್ಟು ಕೊಬ್ಬು ನೋಡು."

ಹುಡುಗಿ ಮತ್ತೆ ಪೆನ್ನು ಎತ್ತಿಕೊಂಡಳು. ಅತ್ತೆ ಮೊದಲು ಹೇಳಿದ್ದನ್ನೇ ದುಂಡಗೆ ಬರೆದಳು.

ಕಾಜಾಕ್ಕ ಬಂದು, ಕಾರ್ಡನ್ನು ಮೂಗಿನ ಹತ್ತಿರ ಹಿಡಿದು ಓದಿದಳು. "ಲೈಫ್‌ಲಾಂಗಾ? ಆ ಆರು ವರ್ಷ ಬಿಟ್ಟು ತಾನೇ?"

ಅತ್ತೆ ದಾರದ ಉಂಡೆಯಲ್ಲಿ ಏನೋ ಹುಡುಕತೊಡಗಿದಳು. ಕಾಜಾಕ್ಕನೆದುರು ಎಂದೂ ಉಸಿರೆತ್ತದ ಹುಡುಗಿಗೆ ಅಂದು ಬಾಯಿ ಬಂತು. "ಅದನ್ನೂ ಸೇರಿಸಿಯೇ ಬರ್ದಿದೀನಿ, ಅಕ್ಕ. ಕತ್ತರಿಗಳನ್ನ ಬೇಕಾದ್ರೆ ಕೇಳಿ."

ಕಾಜಾಕ್ಕ ತಿರುಗಿ ಅತ್ತೆಯನ್ನು ನೋಡಿದಳು. ಕಾರ್ಡನ್ನು ಚೀಲದಲ್ಲಿ ಜೋಪಾನವಾಗಿ ಇಟ್ಟಳು. ಕತ್ತರಿ ಎತ್ತಿಕೊಂಡು ಒಂದು ಚಿಂದಿಯನ್ನು ಕತ್ತರಿಸಿದಳು. ಬೆಣ್ಣೆಯಂತೆ ಹೋಯಿತು. ಆದರೂ ಕತ್ತರಿಯನ್ನು ಅತ್ತೆಯ ಮೇಜಿನ ಮೇಲೆ ಕುಕ್ಕಿದಳು.

"ತುದಿ ಇನ್ನೂ ಬಟ್ಟೆ ಕಚ್ತಿದೆ. ಶನಿವಾರ ಬಂದು ತಗೊಂಡು ಹೋಗ್ತೀನಿ."

"ಮನೇಲಿ ನಿಂಗೆ ಕತ್ತರಿಸೋಕೆ ಏನಿದೆಯೇ?"

"ಅದೆಲ್ಲಾ ನಿಂಗ್ಯಾಕೆ? ಮಸೆದಿಡು."